ತಳದಲ್ಲೊಂದು ಅಂಕಿತ

ಸಂಕ್ರಮಣ ಬಂದಿತೆಂದರೆ ನಿಪ್ಪಾಣಿಯ ಹಳೆಯ ಮನೆಗಳಲ್ಲಿ ಕುಸುರೆಳ್ಳು ಹಂಚಲು ಗಾಜಿನ ತಟ್ಟೆಗಳು ಕಪಾಟಿನಿಂದ ಹೊರಬರುತ್ತವೆ. ಅವು ಯಾರು ಮಾಡಿದವು ಎಂದು ಕೇಳಿದರೆ, ಅಜ್ಜಿಯ ಕಾಲದವು ಎಂಬುದೇ ಉತ್ತರ. ಹೆಸರು ಹೊತ್ತ ಗಾಜು ನಮ್ಮ ಸೀಮೆಗೆ ಹೊಸತೇನಲ್ಲ. ಕರಾಡದ ಬಳಿ 1916ರಲ್ಲಿ ಕಾರ್ಖಾನೆ ತೆರೆದ ಓಗಲೆ ಮನೆತನದವರು ತಮ್ಮ ಕಂದೀಲಿಗೆ ತಂದೆಯ ಹೆಸರಾದ ಪ್ರಭಾಕರವನ್ನೇ ಇಟ್ಟರು. ಆದರೆ ತಟ್ಟೆ ಬಟ್ಟಲುಗಳು ಬಹುಮಟ್ಟಿಗೆ ಅನಾಮಧೇಯವಾಗಿಯೇ ಉಳಿದವು. ಅಂಥ ನಿತ್ಯೋಪಯೋಗದ ಪಾತ್ರೆಗಳ ತಳದಲ್ಲಿ ತನ್ನ ಗುರುತನ್ನೊತ್ತಿ ಹೋದವರಲ್ಲಿ ಹ್ಯಾರಿ ನಾರ್ತ್‌ವುಡ್ ಪ್ರಮುಖನು. ಅವನ ಜೀವನಚರಿತ್ರೆಯು ವಚನಗಳ ಅಂಕಿತವನ್ನು ಕುರಿತು ಪಾಠ ಹೇಳುವ ನನ್ನಂಥವನಿಗೂ ಚಿಂತನೆಗೆ ಎಡೆಗೊಡುವಂತಹದು.

ನಾರ್ತ್‌ವುಡ್ 1860ರ ಜೂನ್ 30ರಂದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ, ಗಾಜಿನ ಕಸುಬಿಗೆ ಹೆಸರಾದ ಪ್ರದೇಶದಲ್ಲಿ ಜನಿಸಿದನು. ತಂದೆ ಜಾನ್ ನಾರ್ತ್‌ವುಡ್ ಆ ಕಾಲದ ಶ್ರೇಷ್ಠ ಗಾಜುಶಿಲ್ಪಿ. ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದ್ದ ಪೋರ್ಟ್‌ಲ್ಯಾಂಡ್ ಕಲಶವೆಂಬ ಪ್ರಾಚೀನ ರೋಮನ್ ಪಾತ್ರೆಯ ಪ್ರತಿಕೃತಿಯನ್ನು ಮೂರು ವರ್ಷ ಕೆತ್ತಿ 1876ರಲ್ಲಿ ಮುಗಿಸಿ ಕೀರ್ತಿವಂತನಾಗಿದ್ದನು. ಮಗನು 1881ರಲ್ಲಿ ಅಮೆರಿಕಕ್ಕೆ ಹೊರಟನು. ವ್ಹೀಲಿಂಗ್ ಪಟ್ಟಣದ ಹಾಬ್ಸ್-ಬ್ರಾಕುನಿಯರ್ ಕಾರ್ಖಾನೆಯಲ್ಲಿ ಗಾಜಿನ ಮೇಲೆ ಚಿತ್ರ ಕೊರೆಯುವ ಕೂಲಿಕಾರನಾಗಿ ಸೇರಿದನು.

ಅಲ್ಲಿಂದ ಮುಂದಿನದು ಅಲೆದಾಟದ ಕಥೆ. 1888ರಲ್ಲಿ ಮಾರ್ಟಿನ್ಸ್ ಫೆರಿಯಲ್ಲಿ ಅವನದೇ ಹೆಸರಿನ ಕಾರ್ಖಾನೆ ಕೆಲಸ ಪ್ರಾರಂಭಿಸಿತು. 1892ರಲ್ಲಿ ಎಲ್‌ವುಡ್ ಸಿಟಿಗೆ, 1896ರಲ್ಲಿ ಪೆನ್ಸಿಲ್ವೇನಿಯದ ಇಂಡಿಯಾನಾ ಎಂಬ ಪಟ್ಟಣಕ್ಕೆ ಅವನು ತನ್ನ ಉದ್ಯೋಗವನ್ನು ಸಾಗಿಸಿದನು. 1899ರಲ್ಲಿ ಕಾರ್ಖಾನೆಯು ಒಂದು ದೊಡ್ಡ ಕೂಟದಲ್ಲಿ ವಿಲೀನವಾಗಲು ಲಂಡನ್ನಿಗೆ ಮಾರಾಟದ ಪ್ರತಿನಿಧಿಯಾಗಿ ಹೋದನು. ಆದರೆ ಕುಲುಮೆಯ ಮುಂದೆ ಬೆಳೆದವನಿಗೆ ಅಂಗಡಿಯ ವ್ಯವಹಾರ ಒಗ್ಗಲಿಲ್ಲವೆಂದು ತೋರುತ್ತದೆ. ಮರಳಿ ಬಂದು 1902ರಲ್ಲಿ ವ್ಹೀಲಿಂಗ್‌ನಲ್ಲಿ ಒಂದು ಹಳೆಯ ಕಾರ್ಖಾನೆಯನ್ನು ಹಿಡಿದನು. ಇಪ್ಪತ್ತು ವರ್ಷ ಹಿಂದೆ ತಾನು ಕೂಲಿಗೆ ನಿಂತಿದ್ದ ಕಾರ್ಖಾನೆಯೇ ಅದು.

ಅಲ್ಲಿ ಅವನ ಕಸುಬು ಪಕ್ವವಾಯಿತು. 1908ರ ಸುಮಾರಿಗೆ ಅವನು ವರ್ಣಮಯ ಗಾಜನ್ನು ಕೈಗೆತ್ತಿಕೊಂಡನು. ಕರಗಿದ ಗಾಜನ್ನು ಕಬ್ಬಿಣದ ಅಚ್ಚಿನಲ್ಲಿ ಒತ್ತಿ ತೆಗೆದು, ಬಿಸಿಯಿರುವಾಗಲೇ ಲೋಹಲವಣಗಳ ದ್ರಾವಣವನ್ನು ಸಿಂಪಡಿಸಿದರೆ, ನೀರಿನ ಮೇಲೆ ತೇಲುವ ಎಣ್ಣೆಯಂತೆ ಕಾಮನಬಿಲ್ಲಿನ ಬಣ್ಣಗಳು ಮೂಡುತ್ತವೆ. ಸಿರಿವಂತರ ಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ಹೊಳಪು ಈ ಉಪಾಯದಿಂದ ಬಡವರ ಮೇಜಿಗೂ ಬಂದಿತು. ಜಾತ್ರೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದರೆಂಬ ನಂಬಿಕೆಯಿಂದ ಇದಕ್ಕೆ ಕಾರ್ನಿವಲ್ ಗಾಜೆಂಬ ಹೆಸರು ಬಿದ್ದದ್ದು ಎಷ್ಟೋ ದಶಕಗಳ ಅನಂತರ.

ನಾರ್ತ್‌ವುಡ್ಡನು ಇಂಡಿಯಾನಾದಲ್ಲಿದ್ದಾಗ ಕೆಲವು ಪಾತ್ರೆಗಳ ಮೇಲೆ ತನ್ನ ಹೆಸರನ್ನು ಸಹಿಯಂತೆ ಮೂಡಿಸಿದ್ದನು. ವ್ಹೀಲಿಂಗ್‌ನಲ್ಲಿ ಅದು ಸಂಕ್ಷಿಪ್ತವಾಗಿ, ವೃತ್ತದೊಳಗೆ ಅಡಿಗೆರೆಯುಳ್ಳ ಎನ್ ಎಂಬ ಒಂದೇ ಅಕ್ಷರವಾಯಿತು. ಆದರೂ ಅವನ ಎಲ್ಲ ಪಾತ್ರೆಗಳ ಮೇಲೂ ಆ ಮುದ್ರೆಯಿಲ್ಲ. ಅವನು ಇಂಡಿಯಾನಾದಲ್ಲಿ ಬಿಟ್ಟುಬಂದ ಅಚ್ಚುಗಳು ಅಲ್ಲಿಯೇ ಉಳಿದ ಸೋದರಸಂಬಂಧಿ ಥಾಮಸ್ ಡ್ಯೂಗನ್ನನ ಕೈಯಲ್ಲಿ ಮತ್ತೆ ಕೆಲಸ ಮಾಡಿದವು. ದ್ರಾಕ್ಷಿಗೊಂಚಲು ಮತ್ತು ಹಗ್ಗದ ಪ್ರಸಿದ್ಧ ನಮೂನೆಯನ್ನು ಅವನೂ ಮಾಡಿದನು, ಪ್ರತಿಸ್ಪರ್ಧಿಗಳಾದ ಫೆಂಟನ್ ಸೋದರರೂ ಮಾಡಿದರು. ಅವನ ಮರಣದ ದಶಕಗಳ ಅನಂತರ, ಅವನ ಮುದ್ರೆಯನ್ನೇ ಹೋಲುವ ಗುರುತನ್ನು ಹೊತ್ತ ಹೊಸ ಗಾಜೂ ಪೇಟೆಗೆ ಬಂದಿತು. ಹೀಗೆ ಮುದ್ರೆಯಿಲ್ಲದಿರುವುದು ಅವನದಲ್ಲವೆಂಬುದಕ್ಕೆ ಪ್ರಮಾಣವಲ್ಲ. ಮುದ್ರೆಯಂಥದು ಇರುವುದು ಅವನದೆಂಬುದಕ್ಕೂ ಪ್ರಮಾಣವಲ್ಲ.

ಅಂಕಿತವೊಂದನ್ನೇ ನಂಬಿ ವಚನವನ್ನು ಒಬ್ಬ ಶರಣರಿಗೆ ಸಲ್ಲಿಸಲಾಗದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ನುಡಿಯ ಬಂಧ, ಭಾವದ ಗತಿ, ಪ್ರತಿಗಳ ಸಾಕ್ಷ್ಯ ಇವೆಲ್ಲ ಕೂಡಿಬರಬೇಕು. ಗಾಜಿನ ಪರೀಕ್ಷಕನೂ ಹಾಗೆಯೇ ಪಾದದ ಆಕಾರ, ಅಚ್ಚಿನ ಸಂಧಿರೇಖೆ, ಹೊರಮೈಯ ನಮೂನೆ, ಗಾಜಿನ ಮೂಲಬಣ್ಣಗಳನ್ನು ಕಾರ್ಖಾನೆಯ ಹಳೆಯ ಜಾಹೀರಾತುಗಳೊಡನೆ ತಾಳೆ ನೋಡುತ್ತಾನೆ. ಅವಸರದಿಂದ ಹೆಸರು ಹಚ್ಚಿದರೆ ಒಬ್ಬನ ದುಡಿಮೆಯನ್ನು ಮತ್ತೊಬ್ಬನ ಖಾತೆಗೆ ಬರೆದಂತಾಗುವುದು.

1918ರಲ್ಲಿ ಸೋದರ ಕಾರ್ಲನು ತೀರಿದನು. 1919ರ ಫೆಬ್ರುವರಿ 4ರಂದು ಹ್ಯಾರಿಯೂ ಕಾಲವಶನಾದನು, ವಯಸ್ಸು ಐವತ್ತೆಂಟು. ಯಜಮಾನನಿಲ್ಲದ ಕಾರ್ಖಾನೆ 1925ರಲ್ಲಿ ಮುಚ್ಚಿತು. ಕುಲುಮೆ ಆರಿದ ಮೇಲೂ ಅವನ ಬಟ್ಟಲುಗಳು ಉಳಿದವು. ಅಚ್ಚು ಕೊರೆದ, ಗಾಜು ಒತ್ತಿದ, ಅಂಚು ಮಡಿಚಿದ ಕೆಲಸಗಾರರ ಹೆಸರು ಮಾತ್ರ ಆ ಒಂದಕ್ಷರದಲ್ಲಿ ಅಡಗಿಹೋಗಿದೆ.

ಮುಂದಿನ ಸಂಕ್ರಮಣದಲ್ಲಿ ಕುಸುರೆಳ್ಳು ಮುಗಿದ ಮೇಲೆ ತಟ್ಟೆಯನ್ನೊಮ್ಮೆ ಮಗುಚಿ ನೋಡುವುದು ಒಳ್ಳೆಯದು. ಅಲ್ಲಿ ಅಕ್ಷರವಿದ್ದರೆ ಪರೀಕ್ಷಿಸೋಣ. ಇಲ್ಲದಿದ್ದರೆ, ಅದನ್ನೂ ಯಾರೋ ಮಾಡಿದರೆಂಬುದನ್ನು ಮರೆಯದಿರೋಣ.