ತೆರೆದ ಬಾಗಿಲು: ಪಂಡಿತಾ ರಮಾಬಾಯಿ ಮತ್ತು ಮಗಳು ಮನೋರಮಾ

ಪುಣೆಯಿಂದ ಸೊಲ್ಲಾಪುರ, ಕಲಬುರಗಿ ಮಾರ್ಗವಾಗಿ ಊರಿಗೆ ಹೋಗುವ ನಮ್ಮಲ್ಲಿ ಹೆಚ್ಚಿನವರು ದೌಂಡ್ ಬರುವ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ದಾಟಿರುತ್ತೇವೆ. ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಅದು ಹಿಂದೆ ಸರಿದಿರುತ್ತದೆ. ನಮ್ಮ ಕಾರ್ಕಳ ಸೀಮೆಯ ಮಾಳ ಗ್ರಾಮದ ಮನೆತನದ ಹೆಣ್ಣುಮಗಳೊಬ್ಬರು ತಮ್ಮ ಬದುಕಿನ ಕೊನೆಯ ಕಾಲು ಶತಮಾನವನ್ನು ಕಳೆದದ್ದು ಆ ಊರಿನಲ್ಲಿ.

ಶಿವಾಜಿನಗರಕ್ಕೆ ಬಂದು ವರ್ಷಗಳಾದರೂ ಪಂಡಿತಾ ರಮಾಬಾಯಿ ಎಂದರೆ ನನಗೆ ಶಾಲೆಯ ಪಾಠದಲ್ಲಿ ಓದಿದ ಒಂದು ಹೆಸರು ಮಾತ್ರ ಆಗಿತ್ತು. ಅವರಿಗೊಬ್ಬ ಮಗಳಿದ್ದಳು ಎಂಬುದನ್ನು ಗಮನಿಸಿದ್ದು ನಾನೂ ಒಂದು ಹೆಣ್ಣುಮಗುವಿನ ತಾಯಿಯಾದ ಮೇಲೆ. ಆಮೇಲೆ ರಮಾಬಾಯಿಯವರ ಬಗ್ಗೆ ಏನೇ ಓದಿದರೂ ಕಣ್ಣು ಮೊದಲು ಹುಡುಕುವುದು ಆ ಮಗುವನ್ನೇ. ಅಮ್ಮ ಭಾಷಣ ಮಾಡುತ್ತಿದ್ದಾಗ ಮಗಳು ಎಲ್ಲಿದ್ದಳು? ಅಮ್ಮ ಮತಾಂತರವಾದಾಗ ಅವಳಿಗೆ ಎಷ್ಟು ವಯಸ್ಸು?

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಬೇಕೆಂದು ಹಟ ಹಿಡಿದವರು. ಹೆಂಗಸಿಗೆ ದೇವಭಾಷೆ ಕಲಿಸುವುದೆಂದರೆ ಆ ಕಾಲದಲ್ಲಿ ಸಣ್ಣ ತಪ್ಪಲ್ಲ. ವಿರೋಧ ಬಂದಾಗ ಊರಿನ ಸಹವಾಸವೇ ಬೇಡವೆಂದು ಘಟ್ಟದ ಮೇಲೆ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು. 1858ರ ಏಪ್ರಿಲ್ 23ರಂದು ರಮಾ ಅಲ್ಲಿಯೇ ಹುಟ್ಟಿದರು. ಮಗುವಿಗೆ ಆರು ತಿಂಗಳಾಗುವಾಗ ಕೈ ಬರಿದಾಗಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರಂತೆ. ಅಲ್ಲಿಂದ ಮುಂದೆ ಅವರಿಗೆ ಮನೆ ಎನ್ನುವುದಿರಲಿಲ್ಲ. ದೇವಸ್ಥಾನದ ಜಗುಲಿಯಲ್ಲಿ ಪುರಾಣ ಓದುವುದು, ಬಂದ ದಕ್ಷಿಣೆಯಲ್ಲಿ ಊಟ, ಮತ್ತೆ ಮುಂದಿನ ಊರು. ಅಪ್ಪನಿಗೆ ವಯಸ್ಸಾಗಿತ್ತು, ಹಾಗಾಗಿ ಕೊನೆಯ ಮಗಳಿಗೆ ಪಾಠ ಹೇಳಿದವಳು ಅಮ್ಮ. ನಸುಕಿನಲ್ಲಿ, ಹಕ್ಕಿಗಳು ಏಳುವ ಹೊತ್ತಿಗೆ ಮಗಳನ್ನು ಎಬ್ಬಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಹನ್ನೆರಡು ವರ್ಷಕ್ಕೆಲ್ಲ ಹದಿನೆಂಟು ಸಾವಿರ ಶ್ಲೋಕಗಳ ಭಾಗವತ ರಮಾಗೆ ಕಂಠಪಾಠವಾಗಿತ್ತು ಎನ್ನುತ್ತಾರೆ.

1870ರ ದಶಕದ ಬರಗಾಲದಲ್ಲಿ ಮೊದಲು ಅಪ್ಪ ಹೋದರು, ಸ್ವಲ್ಪ ದಿನಕ್ಕೆ ಅಮ್ಮ, ಆಮೇಲೆ ಅಕ್ಕ. ಅಮ್ಮ ಸಾಯುವ ಹೊತ್ತಿಗೆ ರಮಾ ನೆರೆಮನೆಯಲ್ಲಿ ಬೇಡಿ ತಂದದ್ದು ಒಂದು ತುಂಡು ಸಜ್ಜೆ ರೊಟ್ಟಿ. ಅದನ್ನು ನುಂಗುವ ಶಕ್ತಿಯೂ ಆ ತಾಯಿಗೆ ಉಳಿದಿರಲಿಲ್ಲ. ಹೆಣ ಹೊರಲು ನಾಲ್ಕನೆಯವರು ಸಿಗದೆ ಸ್ವತಃ ರಮಾ ಹೆಗಲು ಕೊಡಲು ಹೋದರು. ಗಿಡ್ಡ ಹುಡುಗಿ, ಹೆಗಲು ಎಟುಕದು. ತಲೆಯ ಮೇಲೆ ಹೊತ್ತು ನಡೆದರು. ಇದನ್ನು ಅವರು ಬರೆದದ್ದು ಕ್ರೈಸ್ತರಾಗಿ ಎಷ್ಟೋ ವರ್ಷಗಳಾದ ಮೇಲೆ. ಹಳೆಯ ಧರ್ಮದ ಮೇಲೆ ಸಿಟ್ಟಿದ್ದ ಹೆಂಗಸು ಹಳೆಯ ಮನೆಯ ಬಗ್ಗೆ ಬರೆಯುವಾಗ ಒಂದು ಕಠಿಣ ಮಾತನ್ನೂ ಆಡಲಿಲ್ಲ. 1887ರಲ್ಲಿ ಅಮೆರಿಕದಲ್ಲಿ ಹೊರಬಂದ, ಮೇಲ್ಜಾತಿಯ ಹಿಂದೂ ಹೆಂಗಸರ ಕಷ್ಟ ಕುರಿತ ಇಂಗ್ಲಿಷ್ ಪುಸ್ತಕವನ್ನು ಅವರು ಅರ್ಪಿಸಿದ್ದು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಉತ್ತರದವರೆಗೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿ ಇಪ್ಪತ್ತರ ಈ ಹುಡುಗಿಯ ಸಂಸ್ಕೃತ ಕೇಳಿದ ಪಂಡಿತರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ರಮಾ ಮದುವೆಯಾದದ್ದು ಬಿಪಿನ್ ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರನ್ನು. ಬೇರೆ ಜಾತಿ, ಬೇರೆ ಭಾಷೆ, ನೋಂದಣಿ ಮದುವೆ. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು, ಮನೋರಮಾ. ಮನೆಯಲ್ಲಿ ಕರೆಯುವುದು ಮನೋ. ಮಗುವಿಗೆ ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಕಾಲರಾ ಬಂದು ಗಂಡ ಹೋದರು. ಹೀಗೆ ಇಪ್ಪತ್ಮೂರನೆಯ ವಯಸ್ಸಿಗೆ ರಮಾಬಾಯಿಗೆ ರಕ್ತಸಂಬಂಧ ಎಂದು ಹತ್ತಿರ ಉಳಿದದ್ದು ಹತ್ತು ತಿಂಗಳ ಆ ಕೂಸೊಂದೇ. ಮುಂದಿನದನ್ನೆಲ್ಲ ಓದುವಾಗ ನಾನು ಇದನ್ನು ಮರೆಯದಂತೆ ನೋಡಿಕೊಳ್ಳುತ್ತೇನೆ.

ಮಗುವನ್ನು ಎತ್ತಿಕೊಂಡು ಅವರು ಬಂದದ್ದು ನಮ್ಮ ಪುಣೆಗೆ. ಆಗ ಈ ಶಿವಾಜಿನಗರ ಭಾಂಬುರ್ಡೆ ಎಂಬ ಹಳ್ಳಿ. ನದಿಯಾಚೆಯ ಪೇಟೆಗಳಲ್ಲಿ ನ್ಯಾಯಮೂರ್ತಿ ರಾನಡೆ ಮತ್ತು ಅವರ ಸ್ನೇಹಿತರು ಸಮಾಜ ಸುಧಾರಣೆಯ ಮಾತು ಆಡುತ್ತಿದ್ದ ಕಾಲ. ರಮಾಬಾಯಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅವರ ಪ್ರವಚನ ಕೇಳಲು ಹೋಗುತ್ತಿದ್ದವರಲ್ಲಿ ರಾನಡೆಯವರ ಹೆಂಡತಿ, ಇನ್ನೊಬ್ಬ ರಮಾಬಾಯಿಯೂ ಇದ್ದರು. ಹಂಟರ್ ಆಯೋಗದ ಮುಂದೆ ನಿಂತು, ಹೆಂಗಸರಿಗೆ ಹೆಂಗಸರೇ ವೈದ್ಯರು ಬೇಕು, ಹೆಂಗಸರೇ ಶಿಕ್ಷಕಿಯರು ಬೇಕು ಎಂದು ಸಾಕ್ಷ್ಯ ಹೇಳಿದರು. ತಾವೂ ವೈದ್ಯಶಾಸ್ತ್ರ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಪುಣೆಯಲ್ಲಿ ಪರಿಚಯವಾಗಿದ್ದ ಆಂಗ್ಲಿಕನ್ ಸನ್ಯಾಸಿನಿಯರ ವಾಂಟೇಜ್ ಊರಿನ ಮಠದಲ್ಲಿ ಆಶ್ರಯ ಸಿಕ್ಕಿತು. ಕಿವಿ ಮಂದವಾಗುತ್ತಿದ್ದ ಕಾರಣ ಡಾಕ್ಟರ್ ಆಗುವ ಆಸೆ ಮುರಿಯಿತು.

ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಮನೋಗೆ ಆಗ ಎರಡೂವರೆ ವರ್ಷ. ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ಸ್ವಲ್ಪ ಮೊದಲಷ್ಟೇ ವಿಷ ಕುಡಿದು ಸತ್ತಿದ್ದರು. ರಮಾಬಾಯಿ ಏಕೆ ಕ್ರೈಸ್ತರಾದರು ಎಂಬುದಕ್ಕೆ ಅವರೇ ಕೊಡುವ ಕಾರಣ ಸರಳ. ಲಂಡನ್ನಿನಲ್ಲಿ ಸನ್ಯಾಸಿನಿಯರು ಬೀದಿಗೆ ಬಿದ್ದ ಹೆಂಗಸರನ್ನು ಕರೆದು ಕೂರಿಸಿ, ಅಸಹ್ಯಪಡದೆ ಆರೈಕೆ ಮಾಡುವುದನ್ನು ನೋಡಿದರು. ಯೇಸು ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತಾಡಿದ ಕಥೆಯನ್ನು ಓದಿದರು. ತಾವು ಕಂಠಪಾಠ ಮಾಡಿದ್ದ ಶಾಸ್ತ್ರಗಳಲ್ಲಿ ಅಂಥ ಹೆಂಗಸಿಗೆ ಜಾಗ ಕಂಡಿರಲಿಲ್ಲ. ಪುಣೆಯಲ್ಲಿ ಗದ್ದಲವೆದ್ದಿತು. ಹೊಗಳಿದವರೇ ತೆಗಳಿದರು.

ನಿಜವಾದ ಜಗಳ ಶುರುವಾದದ್ದು ಆಮೇಲೆ, ಅದೂ ಮಠದೊಳಗೇ. ಸಿಸ್ಟರ್ ಜೆರಾಲ್ಡೀನ್ ಎಂಬ ಸನ್ಯಾಸಿನಿ ರಮಾಬಾಯಿಯವರ ಧರ್ಮಮಾತೆ. ಮನೋ ಎಂದರೆ ಅವರಿಗೆ ಜೀವ. ಆದರೆ ಹೊಸ ಶಿಷ್ಯೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಲ್ಲ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕಿಲ್ಲ ಎಂದರು. ಮೊಟ್ಟೆ ಹಾಕಿದ ಪುಡಿಂಗ್ ತಿನ್ನಲಿಲ್ಲ. ಸೀರೆ ಬಿಡಲಿಲ್ಲ. ತ್ರಿತ್ವ ಸಿದ್ಧಾಂತ ತಮಗೆ ಅರ್ಥವಾಗುವವರೆಗೆ ಒಪ್ಪುವುದಿಲ್ಲ ಎಂದರು. ತಾವು ಇನ್ನೂ ಒಪ್ಪದೇ ಇರುವುದನ್ನು ಮಗುವಿನ ಬಾಯಲ್ಲಿ ಹೇಳಿಸಬೇಡಿ ಎಂದು ಪಟ್ಟು ಹಿಡಿದಾಗ ಜೆರಾಲ್ಡೀನ್‌ಗೆ ಅದು ಅಹಂಕಾರದಂತೆ ಕಂಡಿತು. ರಮಾಬಾಯಿ ಚೆಲ್ಟನ್‌ಹ್ಯಾಂ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದಾಗ ಮಗು ವಾಂಟೇಜಿನಲ್ಲಿ ಸನ್ಯಾಸಿನಿಯರ ಕೈಯಲ್ಲಿ ಬೆಳೆಯುತ್ತಿತ್ತು. ಅವಳು ಇಂಗ್ಲಿಷ್ ಹುಡುಗಿಯಾಗಿಬಿಡುತ್ತಾಳೆ, ತನ್ನ ದೇಶದವರಿಗೆ ಪರಕೀಯಳಾಗುತ್ತಾಳೆ ಎಂಬ ದಿಗಿಲು ತಾಯಿಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಪತ್ರಗಳನ್ನೆಲ್ಲ ಜತನವಾಗಿ ಕಾಪಾಡಿದವರು ಜೆರಾಲ್ಡೀನ್. 1977ರಲ್ಲಿ ಅವು ಪುಸ್ತಕವಾಗಿ ಬಂದವು. ಓದಿದರೆ ಇಬ್ಬರ ನೋವೂ ತಿಳಿಯುತ್ತದೆ. ನಮ್ಮ ಮಕ್ಕಳನ್ನು ಅಜ್ಜಿ ಮನೆಯಲ್ಲೋ ಡೇ ಕೇರ್‌ನಲ್ಲೋ ಬಿಟ್ಟು ಆಫೀಸಿಗೆ ಹೋಗುವ ನಮಗೆ ಆ ಇಬ್ಬರೂ ಪರಿಚಿತರೇ. ಒಬ್ಬಳು ಹೆತ್ತವಳು, ದೂರದಲ್ಲಿದ್ದಾಳೆ. ಇನ್ನೊಬ್ಬಳು ಹತ್ತಿರವಿದ್ದಾಳೆ, ಪ್ರೀತಿಸುತ್ತಾಳೆ, ಆದರೆ ಹೆತ್ತವಳಲ್ಲ.

1886ರಲ್ಲಿ ಬಂಧು ಆನಂದಿಬಾಯಿ ಜೋಶಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ರಮಾಬಾಯಿ ಮಗಳನ್ನು ಕರೆದುಕೊಂಡು ಹೋದರು. ಅಲ್ಲಿ ಶಿಶುವಿಹಾರ ಪದ್ಧತಿ ಕಲಿತರು, ವಿಧವೆಯರ ಶಾಲೆಗಾಗಿ ಊರೂರು ಭಾಷಣ ಮಾಡಿದರು. ಆ ತಿರುಗಾಟದಲ್ಲಿ ಮಗುವನ್ನು ಇಟ್ಟುಕೊಳ್ಳಲಾಗದೆ ಮತ್ತೆ ವಾಂಟೇಜಿಗೇ ಕಳಿಸಿದರು. ಯಾರ ಕೈಯಿಂದ ಮಗುವನ್ನು ಬಿಡಿಸಿಕೊಂಡು ಬಂದಿದ್ದರೋ ಅವರ ಕೈಗೇ. ಅವರ ಹಿರಿಮೆ ಹೇಳುವ ಲೇಖನಗಳು ಈ ಸಾಲನ್ನು ಬೇಗ ದಾಟಿಬಿಡುತ್ತವೆ. ನನಗೆ ಹಾಗೆ ದಾಟಲು ಆಗುವುದಿಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಬಂತು. ಹಣ ಬಾಸ್ಟನ್ನಿನ ರಮಾಬಾಯಿ ಸಂಘದ್ದು, ಸಲಹಾ ಸಮಿತಿಯಲ್ಲಿ ರಾನಡೆ, ಭಾಂಡಾರಕರ್ ಮೊದಲಾದವರು. ಧರ್ಮದ ವಿಷಯದಲ್ಲಿ ಸದನ ತಟಸ್ಥ ಎಂಬುದು ಒಪ್ಪಂದ. ಹುಡುಗಿಯರು ತಮ್ಮ ಮಡಿ, ವ್ರತ, ಊಟದ ಪದ್ಧತಿ ಉಳಿಸಿಕೊಳ್ಳಬಹುದಿತ್ತು. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆಗೆ ಕೂರುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತರು, ಆಮೇಲೆ ಇನ್ನೂ ಕೆಲವರು. ಪೇಟೆಯಲ್ಲಿ ಸುದ್ದಿಯಾಯಿತು, 'ಕೇಸರಿ' ಪತ್ರಿಕೆ ಬರೆಯಿತು. ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಎಂಬ ಸಲಹೆ ಬಂತು. ಅವರು ಒಪ್ಪಲಿಲ್ಲ. ಇದು ನನ್ನ ಮನೆ, ತಾಯಿ ತನ್ನ ಮನೆಯಲ್ಲಿ ತನ್ನ ಮಗಳೊಂದಿಗೆ ದೇವರನ್ನು ನೆನೆಯಲು ಬಾಗಿಲು ಹಾಕಿಕೊಳ್ಳಬೇಕೇ ಎಂಬುದು ಅವರ ವಾದ. ಇದೇ ಹುಡುಗಿಯರು ತಮ್ಮ ಪೂಜೆಯನ್ನು ಮುಚ್ಚುಮರೆಯಿಲ್ಲದೆ ಮಾಡುತ್ತಾರಲ್ಲ, ಅದನ್ನು ನಾನು ತಡೆದಿಲ್ಲವಲ್ಲ ಎಂದೂ ಕೇಳಿದರು. 1893ರಲ್ಲಿ ಸಮಿತಿಯ ದೊಡ್ಡವರು ರಾಜೀನಾಮೆ ಕೊಟ್ಟರು. ಹಲವು ತಂದೆತಾಯಿಗಳು ಬಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರು.

ಇಲ್ಲಿ ನನ್ನ ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ. ಎಲ್ಲರೂ ಬಿಟ್ಟ ಬಾಲವಿಧವೆಯನ್ನು ಸದನಕ್ಕೆ ಕಳಿಸುವ ಧೈರ್ಯ ಮಾಡಿದ್ದ ಅಪ್ಪ ಅಮ್ಮಂದಿರು ಕೆಟ್ಟವರಾಗಿರಲಿಲ್ಲ. ಮಗಳು ಕೈತಪ್ಪಿ ಹೋಗುತ್ತಾಳೆ ಎಂಬ ಅವರ ಭಯಕ್ಕೂ, ವಾಂಟೇಜಿನಲ್ಲಿ ಮನೋ ಕೈತಪ್ಪುತ್ತಾಳೆ ಎಂದು ರಮಾಬಾಯಿ ಪಟ್ಟಿದ್ದ ಭಯಕ್ಕೂ ವ್ಯತ್ಯಾಸ ಹೆಚ್ಚೇನಿಲ್ಲ. ಆದರೆ ಆ ಕರೆದೊಯ್ದ ಹುಡುಗಿಯರನ್ನು ಮನೆಯಲ್ಲಿ ಕಾದಿದ್ದದ್ದು ತಲೆ ಬೋಳಿಸಿಕೊಂಡು ಮೂಲೆ ಹಿಡಿಯುವ ಬದುಕು ಎಂಬುದೂ ಅಷ್ಟೇ ನಿಜ. ಇದೇ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಎಂಬ ವಿಧವೆಯನ್ನು ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. ಅವರು ಹಿಂದೂವಾಗಿಯೇ ಉಳಿದರು.

ಮುಂದಿನದು ಕೇಡಗಾಂವ್. 1896-97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯದಿಂದ ಸುಮಾರು 300 ಹೆಣ್ಣುಮಕ್ಕಳನ್ನು ರಮಾಬಾಯಿ ಕರೆತಂದರು. ಹಸಿವಿನಲ್ಲಿ ಸತ್ತ ತಾಯಿಯನ್ನು ತಲೆಯ ಮೇಲೆ ಹೊತ್ತವರಿಗೆ ಆ ಮುಖಗಳು ಹೊಸವಲ್ಲ. ಪುಣೆಯಲ್ಲಿ ಪ್ಲೇಗು. ಕೇಡಗಾಂವಿನಲ್ಲಿ ಕೊಂಡಿದ್ದ ಹೊಲದಲ್ಲೇ ಮುಕ್ತಿ ಸದನ ಎದ್ದಿತು, ಗುಜರಾತಿನ ಬರಗಾಲದ ನಂತರ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತು. ನೇಯ್ಗೆ, ಎಣ್ಣೆ ಗಾಣ, ಹೈನು, ಮುದ್ರಣಾಲಯ, ಕುರುಡು ಮಕ್ಕಳಿಗೆ ಶಾಲೆ. ಇಲ್ಲಿ ತಟಸ್ಥತೆಯ ಒಪ್ಪಂದ ಇರಲಿಲ್ಲ. ಮುಕ್ತಿ ಬಹಿರಂಗವಾಗಿ ಕ್ರೈಸ್ತ ಸಂಸ್ಥೆ, ನೂರಾರು ಹುಡುಗಿಯರು ದೀಕ್ಷೆ ಪಡೆದರು. ಹಳೆಯ ಸ್ನೇಹಿತರಿಗೆ ಇದು ನಂಬಿಕೆ ಮುರಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಮಗಳು ಅಮೆರಿಕದಲ್ಲಿ ಓದಿ ಬಂದಳು. ಇನ್ನು ಅವಳನ್ನು ಬಹುವಚನದಲ್ಲೇ ಕರೆಯಬೇಕು. ಮನೋರಮಾಬಾಯಿ ಶಾರದಾ ಸದನದ ಮುಖ್ಯೋಪಾಧ್ಯಾಯಿನಿಯಾದರು. ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಮಾಡಿಕೊಂಡರು. ಮದುವೆಯಾಗಲಿಲ್ಲ. 1912ರ ಸುಮಾರಿಗೆ ತಾಯಿ ಮಗಳು ಸೇರಿ, ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆದರು. ಕನ್ನಡ ಬಲ್ಲ ರಮಾಬಾಯಿ ಕನ್ನಡದ ನೆಲಕ್ಕೆ ಹಿಂದಿರುಗಿದ್ದು ಹೀಗೆ, ಮಗಳ ಕೈ ಹಿಡಿದು.

ಕೊನೆಯ ವರ್ಷಗಳಲ್ಲಿ ರಮಾಬಾಯಿಗೆ ಕಿವಿ ಕೇಳಿಸುವುದು ತೀರ ಕಡಿಮೆಯಾಗಿತ್ತು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಸರಳ ಮರಾಠಿಗೆ ಬೈಬಲ್ ತರುವ ಕೆಲಸಕ್ಕೆ ಕೈಹಾಕಿದ್ದರು. ಸಂಸ್ಥೆಯ ಭಾರ ಮಗಳ ಮೇಲಿತ್ತು. ತಮ್ಮ ನಂತರ ಮನೋರಮಾ ಎಂದು ತೀರ್ಮಾನವೂ ಆಗಿತ್ತು. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. ನಲವತ್ತು ವರ್ಷ.

ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಆ ಮಗಳ ಆಯುಸ್ಸನ್ನು ತಾಯಿಯ ದೇವಸೇವೆ ನುಂಗಿತೇ, ಅಥವಾ ಅದು ಮಗಳು ತಾನಾಗಿ ಆರಿಸಿಕೊಂಡ ಬದುಕೇ? ಮನೋರಮಾಬಾಯಿ ದೊಡ್ಡವರಾದ ಮೇಲೆ ತಾಯಿಯ ನಂಬಿಕೆಯನ್ನೂ ಕೆಲಸವನ್ನೂ ತಮ್ಮದೆಂದೇ ನಡೆಸಿದರು, ಅಷ್ಟನ್ನು ಹೇಳಬಹುದು. ತೆರೆದ ಬಾಗಿಲಿನ ಆ ಕೋಣೆಯಲ್ಲಿ ಮೊದಲು ಕುಳಿತಿದ್ದವರು ಅವರೇ. ಹೊರಗೆ ಹೋಗಲೂ ಅದೇ ಬಾಗಿಲು ತೆರೆದಿತ್ತು.

ರಮಾಬಾಯಿ ಅನುವಾದ ನಿಲ್ಲಿಸಲಿಲ್ಲ. ಮಗಳು ಹೋಗಿ ಒಂಬತ್ತು ತಿಂಗಳು ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ಕೆಲಸ ಮುಗಿಸಿ ಕೇಡಗಾಂವಿನಲ್ಲೇ ತೀರಿಕೊಂಡರು. ಆ ಬೈಬಲ್ ಅಚ್ಚಾದದ್ದು ಮುಕ್ತಿಯ ಮುದ್ರಣಾಲಯದಲ್ಲಿ, ಅಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿ.