ಈಡಿತ್ ಕೌವನ್: ಶಿಕ್ಷಣ ಮಂಡಲಿಯಿಂದ ಶಾಸನಸಭೆಗೆ

ಆಸ್ಟ್ರೇಲಿಯದ 50 ಡಾಲರ್ ನೋಟಿನ ಒಂದು ಬದಿಯಲ್ಲಿ ಮೂಲನಿವಾಸಿ ಲೇಖಕ ಡೇವಿಡ್ ಯುನೈಪನ್ ಅವರ ಚಿತ್ರವಿದೆ. ಇನ್ನೊಂದು ಬದಿಯಲ್ಲಿರುವ ವೃದ್ಧ ಮಹಿಳೆ ಈಡಿತ್ ಕೌವನ್. ಟಾರ್ನೀಟಿನ ದಿನಸಿ ಅಂಗಡಿಗಳಲ್ಲಿ ನಾವು ಈ ನೋಟನ್ನು ಎಷ್ಟೋ ಬಾರಿ ಕೊಟ್ಟು ಪಡೆದಿದ್ದೇವೆ. ಆದರೆ ಆಕೆ ಯಾರೆಂದು ವಿಚಾರಿಸಿದವರು ವಿರಳ. ಈ ದೇಶದ ಶಾಸನಸಭೆಯೊಂದಕ್ಕೆ ಚುನಾಯಿತರಾದ ಮೊತ್ತಮೊದಲ ಮಹಿಳೆ ಅವರು.

ಈಡಿತ್ ಅವರು 1861ರ ಆಗಸ್ಟ್ 2ರಂದು ಪಶ್ಚಿಮ ಆಸ್ಟ್ರೇಲಿಯದ ಜೆರಾಲ್ಡ್‌ಟನ್ ಸಮೀಪದ ಗ್ಲೆಂಗ್ಯಾರಿ ಎಂಬಲ್ಲಿ ಜನಿಸಿದರು. 1868ರಲ್ಲಿ ತಾಯಿ ಹೆರಿಗೆಯ ಸಮಯದಲ್ಲಿ ತೀರಿಕೊಂಡರು. ಬಾಲಕಿಯನ್ನು ಪರ್ತ್ ನಗರದ ವಸತಿಶಾಲೆಗೆ ಸೇರಿಸಲಾಯಿತು. ಮರುಮದುವೆಯಾದ ತಂದೆ ಕೆನೆತ್ ಬ್ರೌನ್ ತನ್ನ ಎರಡನೆಯ ಹೆಂಡತಿಯನ್ನು ಗುಂಡಿಕ್ಕಿ ಕೊಂದನು. 1876ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಆಗ ಈಡಿತ್ ಅವರಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಅಂದಿನ ಪುಟ್ಟ ವಸಾಹತಿನಲ್ಲಿ ಕೊಲೆಗಾರನ ಮಗಳೆಂಬ ಹೆಸರನ್ನು ಹೊತ್ತು ಬೆಳೆಯುವುದು ಎಂತಹ ಭಾರವೆಂದು ಬೇರೆ ಹೇಳಬೇಕಿಲ್ಲ. ಮುಂದೆ ಅವರು ಕೈಗೆತ್ತಿಕೊಂಡ ಕಾರ್ಯಗಳೆಲ್ಲವೂ ತಾಯಂದಿರನ್ನು, ಮಕ್ಕಳನ್ನು ಮತ್ತು ನ್ಯಾಯವನ್ನು ಕುರಿತವೇ ಆಗಿದ್ದವು.

1879ರಲ್ಲಿ ಅವರು ಜೇಮ್ಸ್ ಕೌವನ್ ಅವರನ್ನು ವಿವಾಹವಾದರು. ತಾವು ಓದಿದ ವಸತಿಶಾಲೆಯನ್ನು ನಡೆಸುತ್ತಿದ್ದವರು ಜೇಮ್ಸ್ ಅವರ ಸೋದರಿಯರೇ. ದಂಪತಿಗೆ ನಾಲ್ವರು ಹೆಣ್ಣುಮಕ್ಕಳು, ಒಬ್ಬ ಮಗ. ಮುಂದೆ ಜೇಮ್ಸ್ ಪರ್ತ್‌ನಲ್ಲಿ ಪೊಲೀಸ್ ಮ್ಯಾಜಿಸ್ಟ್ರೇಟ್ ಆದರು. ನ್ಯಾಯಾಲಯದ ಮೆಟ್ಟಿಲೇರಿ ಬರುವ ಬಡ ಹೆಂಗಸರ, ದಿಕ್ಕಿಲ್ಲದ ಮಕ್ಕಳ ಪಾಡು ಪತಿಯ ಮೂಲಕ ಈಡಿತ್ ಅವರಿಗೆ ತಿಳಿಯುತ್ತಿತ್ತು.

1894ರಲ್ಲಿ ಪರ್ತ್‌ಗೆ ಬಂದಿದ್ದ ಅಮೆರಿಕದ ವೈದ್ಯೆ ಎಮಿಲಿ ರೈಡರ್ ಅವರ ಸಲಹೆಯಂತೆ ‘ಕರ್ರಕಟ್ಟ ಕ್ಲಬ್’ ಸ್ಥಾಪನೆಯಾಯಿತು. ಈಡಿತ್ ಅದರ ಪ್ರಥಮ ಕಾರ್ಯದರ್ಶಿ. ಆರೋಗ್ಯ, ಸಾಹಿತ್ಯ, ಕಾನೂನು ಮುಂತಾದ ವಿಷಯಗಳನ್ನು ಸ್ತ್ರೀಯರು ಒಟ್ಟಿಗೆ ಓದಿ ಚರ್ಚಿಸುವ ವೇದಿಕೆ ಅದಾಗಿತ್ತು. ಅದೇ ದಶಕದಲ್ಲಿ ಅವರು ನಾರ್ತ್ ಫ್ರೀಮ್ಯಾಂಟಲ್‌ನ ಶಿಕ್ಷಣ ಮಂಡಲಿಯಲ್ಲಿ ಹಲವು ಅವಧಿ ದುಡಿದರು. ಅಂದು ಹೆಂಗಸರಿಗೆ ತೆರೆದಿದ್ದ ಕೆಲವೇ ಸಾರ್ವಜನಿಕ ಸ್ಥಾನಗಳಲ್ಲಿ ಅದು ಒಂದು. ಅವರ ರಾಜಕಾರಣದ ಮೊದಲ ಪಾಠಶಾಲೆ ಈ ಸ್ಥಳೀಯ ಮಂಡಲಿಯೇ.

1906ರಲ್ಲಿ ಮಕ್ಕಳ ರಕ್ಷಣಾ ಸಂಘದ ಸ್ಥಾಪನೆಯಲ್ಲಿ ಅವರು ಪಾಲ್ಗೊಂಡರು. ಮರುವರ್ಷವೇ ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಕಲ್ಪಿಸುವ ಶಾಸನ ಬಂದಿತು. 1915ರಲ್ಲಿ ಆ ನ್ಯಾಯಪೀಠದಲ್ಲಿ ಅವರೇ ಆಸೀನರಾದರು. 1916ರಲ್ಲಿ ಪರ್ತ್‌ನಲ್ಲಿ ಆರಂಭವಾದ ಕಿಂಗ್ ಎಡ್ವರ್ಡ್ ಸ್ಮಾರಕ ಹೆರಿಗೆ ಆಸ್ಪತ್ರೆಯ ಹಿಂದೆಯೂ ಅವರ ದೀರ್ಘ ಶ್ರಮವಿತ್ತು. ವೈದ್ಯವೃತ್ತಿಯಲ್ಲಿರುವ ನನಗೆ ಅವರ ಬಾಳಿನಲ್ಲಿ ಹೆಚ್ಚು ಮನಮುಟ್ಟುವುದು ಇದೇ. ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕಿ, ಸುಮಾರು ಅರ್ಧ ಶತಮಾನದ ಬಳಿಕ, ಇತರ ತಾಯಂದಿರಿಗಾಗಿ ಆಸ್ಪತ್ರೆಯೊಂದನ್ನು ಕಟ್ಟಿಸಲು ನೆರವಾದರು. ಆ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.

ಪಶ್ಚಿಮ ಆಸ್ಟ್ರೇಲಿಯದಲ್ಲಿ ಸ್ತ್ರೀಯರಿಗೆ 1899ರಲ್ಲೇ ಮತಾಧಿಕಾರ ದೊರೆತಿದ್ದರೂ ಶಾಸನಸಭೆಗೆ ಸ್ಪರ್ಧಿಸುವ ಹಕ್ಕು ಬಂದದ್ದು 1920ರಲ್ಲಿ. ಆ ಮಸೂದೆಯನ್ನು ಮಂಡಿಸಿದವರು ಅಟಾರ್ನಿ ಜನರಲ್ ಥಾಮಸ್ ಡ್ರೇಪರ್. 1921ರ ಮಾರ್ಚ್ 12ರ ಚುನಾವಣೆಯಲ್ಲಿ ಐವತ್ತೊಂಬತ್ತು ವರ್ಷದ ಈಡಿತ್, ನ್ಯಾಷನಲಿಸ್ಟ್ ಪಕ್ಷದಿಂದ ವೆಸ್ಟ್ ಪರ್ತ್ ಕ್ಷೇತ್ರದಲ್ಲಿ ನಿಂತು ಅದೇ ಡ್ರೇಪರ್ ಅವರನ್ನು 46 ಮತಗಳಿಂದ ಸೋಲಿಸಿದರು. ತಾನು ತೆರೆದ ಬಾಗಿಲಿನಿಂದಲೇ ಸೋಲು ಒಳಬಂದೀತೆಂದು ಡ್ರೇಪರ್ ಎಣಿಸಿರಲಾರರು.

ಶಾಸನಸಭೆಯಲ್ಲಿ ಅವರು ಇದ್ದದ್ದು ಮೂರೇ ವರ್ಷ. ರೈಲಿನಲ್ಲಿ ಮಗುವಿನ ತಳ್ಳುಗಾಡಿಗೆ ತಾಯಂದಿರಿಂದ ಶುಲ್ಕ ಕೀಳುವುದನ್ನು ಅವರು ಖಂಡಿಸಿದರು. ಉಯಿಲು ಬರೆಯದೆ ಸತ್ತ ಮಕ್ಕಳ ಆಸ್ತಿಯಲ್ಲಿ ತಂದೆಯಷ್ಟೇ ಪಾಲು ತಾಯಿಗೂ ಸಿಗುವಂತೆ ಕಾನೂನನ್ನು ತಿದ್ದಿಸಿದರು. 1904ರಲ್ಲಿ ಈಡಿತ್ ಹೇನ್ಸ್ ಎಂಬ ಯುವತಿಗೆ, ಹೆಣ್ಣೆಂಬ ಕಾರಣದಿಂದ, ವಕೀಲಿಕೆಯ ಪ್ರವೇಶವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತ್ತು. ಕೌವನ್ ಅವರ ಖಾಸಗಿ ಮಸೂದೆಯಿಂದ ಬಂದ 1923ರ ಶಾಸನವು ಆ ಅಡ್ಡಿಯನ್ನು ತೊಡೆದುಹಾಕಿತು. ಆದರೆ ಪಕ್ಷದ ಅಣತಿಗಿಂತ ತಮ್ಮ ವಿವೇಚನೆಯನ್ನೇ ನೆಚ್ಚಿದ್ದ ಅವರು ಪಕ್ಷಕ್ಕೆ ಪೂರ್ತಿ ಹಿತವಾದವರಾಗಿರಲಿಲ್ಲ. 1924ರಲ್ಲಿ ಸೋತರು, 1927ರಲ್ಲಿ ಮತ್ತೆ ಸೋತರು. 1932ರ ಜೂನ್ 9ರಂದು ನಿಧನರಾದರು. ಎರಡು ವರ್ಷಗಳ ತರುವಾಯ ಪರ್ತ್‌ನ ಕಿಂಗ್ಸ್ ಪಾರ್ಕ್ ದ್ವಾರದ ಬಳಿ ಅವರ ಸ್ಮಾರಕವಾಗಿ ಗಡಿಯಾರ ಗೋಪುರವೊಂದು ಎದ್ದಿತು.

ಆ ಕಾಲದ ಸಮಾನತೆಗೆ ಗಡಿಗಳಿದ್ದುದನ್ನೂ ಮರೆಯಬಾರದು. ಹೆಂಗಸರಿಗೆ ದೇಶದಾದ್ಯಂತ ಮತ ನೀಡಿದ 1902ರ ಒಕ್ಕೂಟ ಶಾಸನವೇ ಮೂಲನಿವಾಸಿಗಳನ್ನೂ ಏಷ್ಯಾ ಮೂಲದವರನ್ನೂ ಬಹುಮಟ್ಟಿಗೆ ಹೊರಗಿಟ್ಟಿತ್ತು. 1924ರಲ್ಲಿ ಮಿಟ್ಟಾ ಬುಲ್ಲೋಶ್ ಎಂಬ ಭಾರತೀಯರು ಮೆಲ್ಬರ್ನ್‌ನಲ್ಲಿ ನ್ಯಾಯಾಲಯದ ಮೊರೆಹೊಕ್ಕು ಗೆದ್ದರು. ಬ್ರಿಟಿಷ್ ಇಂಡಿಯಾ ಮೂಲದವರಿಗೆ ಒಕ್ಕೂಟದ ಮತಾಧಿಕಾರ ಕೊಟ್ಟ ಕಾನೂನು 1925ರಲ್ಲಿ ಬಂದಿತು. ಪಶ್ಚಿಮ ಆಸ್ಟ್ರೇಲಿಯದ ಮೂಲನಿವಾಸಿಗಳು ರಾಜ್ಯದ ಚುನಾವಣೆಯಲ್ಲಿ ಆ ಹಕ್ಕಿಗಾಗಿ 1962ರವರೆಗೆ ಕಾಯಬೇಕಾಯಿತು.

ನಮ್ಮ ನಾಡೂ ಆ ಹೊತ್ತಿನಲ್ಲಿ ಸುಮ್ಮನಿರಲಿಲ್ಲ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯವಾದರೋ ತನ್ನ ಮೊದಲ ಶಾಸಕಿ ಮಿಲ್ಲಿ ಪೀಕಾಕ್ ಅವರನ್ನು ಆರಿಸಿದ್ದು 1933ರಲ್ಲಿ. ಇಂದು ಟಾರ್ನೀಟ್ ಹೆಸರಿನ ಶಾಸನಸಭಾ ಕ್ಷೇತ್ರವೇ ಇದೆ. ನಮ್ಮಲ್ಲಿ ಪೌರತ್ವ ಪಡೆದವರೆಲ್ಲ ಅಲ್ಲಿ ಮತದಾರರು. ಶಾಲೆಯ ಸಮಿತಿಯಾಗಲಿ ನಗರಸಭೆಯಾಗಲಿ ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕದೆಂದು ತೋರಿದರೆ, ಶಿಕ್ಷಣ ಮಂಡಲಿಯಲ್ಲಿ ಮೊದಲ ಹೆಜ್ಜೆಯಿಟ್ಟ ಈ ಮಹಿಳೆಯನ್ನು ನೆನೆಯಲಿ.