ಕಂಚಿಯ ವೈರಿ, ಕಂಚಿಯ ಮಿತ್ರ: ಮಯೂರಶರ್ಮನ ಬದುಕು

ಮತ್ತಿಗಿರಿ: ಮಯೂರ ಎಂದೊಡನೆ ಗಡಿ ಭಾಗದ ಕನ್ನಡಿಗರ ಕಣ್ಣ ಮುಂದೆ ಬರುವುದು ಡಾ. ರಾಜ್‌ಕುಮಾರ್ ಅವರ ಮುಖ. 1975ರಲ್ಲಿ ತೆರೆಕಂಡ 'ಮಯೂರ' ಚಿತ್ರದ ಹಾಡುಗಳು ಹೊಸೂರು, ಬಾಗಲೂರು, ಡೆಂಕಣಿಕೋಟೆ ಸೀಮೆಯ ಹಳ್ಳಿಗಳಿಗೆ ಹೊಸವಲ್ಲ. ಕಂಚಿಯ ಪಲ್ಲವರ ಮೇಲೆ ಕತ್ತಿ ಎತ್ತಿದ ಕನ್ನಡದ ವೀರ, ಅವನಿಗೆ ಮನಸ್ಸು ಕೊಟ್ಟ ಪಲ್ಲವ ರಾಜಕುಮಾರಿ ಪ್ರೇಮಾವತಿ. ಯುದ್ಧದ ನಡುವೆ ವೈರಿಗಳಿಬ್ಬರ ಪ್ರೇಮವನ್ನು ಹೇಳಿದ ಕನ್ನಡ ಚಿತ್ರಗಳಲ್ಲಿ ಇಂದಿಗೂ ಮೊದಲು ನೆನಪಾಗುವುದು ಇದೇ.

ಆದರೆ ಸಿನಿಮಾದ ಆಚೆಗೆ ಮಯೂರ ಎಂಬ ಮನುಷ್ಯನೊಬ್ಬ ನಿಜವಾಗಿಯೂ ಇದ್ದ. ಸುಮಾರು 1,670 ವರ್ಷಗಳ ಹಿಂದೆ ಬಾಳಿದ ಅವನ ಕಥೆಯನ್ನು ಕಲ್ಲಿನ ಕಂಬವೊಂದು ಹೇಳುತ್ತದೆ. ಆ ಕಥೆಯಲ್ಲಿ ರಾಜಕುಮಾರಿ ಇಲ್ಲ. ಆದರೆ ವೈರ ಸ್ನೇಹವಾದ ಸಂಗತಿ ಇದೆ. ಒಂದು ಕಿವಿಯಲ್ಲಿ ಕನ್ನಡ, ಇನ್ನೊಂದು ಕಿವಿಯಲ್ಲಿ ತಮಿಳು ಕೇಳಿಕೊಂಡೇ ಬೆಳೆಯುವ ನಮ್ಮ ಗಡಿಯ ಜನ ಸಿನಿಮಾದ ಜೊತೆಗೆ ಕಂಬದ ಕಥೆಯನ್ನೂ ತಿಳಿದಿರಬೇಕು.

ಕಂಬ ಹೇಳುವ ಕಥೆ

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನವಿದೆ. ಅದರ ಮುಂದೆ ನಿಂತಿರುವ ಕಲ್ಲುಕಂಬದ ಮೇಲೆ ಸಂಸ್ಕೃತ ಪದ್ಯಗಳಿವೆ. ಬರೆದ ಕವಿಯ ಹೆಸರು ಕುಬ್ಜ. ಐದನೇ ಶತಮಾನದ ನಡುಭಾಗದಲ್ಲಿ ಕದಂಬ ರಾಜ ಶಾಂತಿವರ್ಮನ ಕಾಲದಲ್ಲಿ ಇದನ್ನು ಕೆತ್ತಲಾಯಿತು. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆಯ ವಿಷಯ ಹೇಳುವುದು ಶಾಸನದ ಉದ್ದೇಶ. ಆದರೆ ಕವಿ ವಂಶದ ಮೂಲದಿಂದ ಆರಂಭಿಸಿದ್ದರಿಂದ ಮಯೂರಶರ್ಮನ ಬದುಕು ನಮಗೆ ಸಿಕ್ಕಿತು. ಈ ಕಂಬವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಮೈಸೂರು ಸಂಸ್ಥಾನದ ಶಾಸನಗಳನ್ನು ಒಟ್ಟುಗೂಡಿಸಿದ ಬಿ.ಎಲ್. ರೈಸ್.

ಶಾಸನದ ಪ್ರಕಾರ ಕದಂಬರು ಮಾನವ್ಯ ಗೋತ್ರದ ಬ್ರಾಹ್ಮಣರು. ವೇದ ಓದುವುದು, ಯಜ್ಞ ಮಾಡುವುದು ಮನೆತನದ ಕಸುಬು. ಮನೆಯ ಹತ್ತಿರ ಇದ್ದ ಕದಂಬ ಮರವನ್ನು ಸಾಕಿ ಸಲಹಿದ್ದರಿಂದ ಕುಲಕ್ಕೆ ಆ ಹೆಸರು ಬಂತು. ಆ ಮನೆಯಲ್ಲಿ ಹುಟ್ಟಿದ ಹುಡುಗ ಮಯೂರಶರ್ಮ.

ಓದಲು ಹೋದವನು

ಆ ಕಾಲಕ್ಕೆ ಹೆಚ್ಚಿನ ವಿದ್ಯೆ ಬೇಕೆಂದರೆ ದಕ್ಷಿಣದವರು ಹೋಗುತ್ತಿದ್ದುದು ಕಂಚಿಗೆ. ಪಲ್ಲವರ ಆ ರಾಜಧಾನಿಯಲ್ಲಿ ಘಟಿಕೆ ಎಂಬ ಹೆಸರಾಂತ ವಿದ್ಯಾಕೇಂದ್ರ ಇತ್ತು. ಗುರು ವೀರಶರ್ಮನ ಜೊತೆಗೆ ಮಯೂರಶರ್ಮ ಅಲ್ಲಿಗೆ ಹೋದ. ಹೊರಟಾಗ ಅವನಿಗೆ ಕಂಚಿ ವೈರಿಯ ಊರಲ್ಲ, ಓದಿನ ಊರು.

ಪಲ್ಲವರೂ ಕನ್ನಡ ನೆಲಕ್ಕೆ ಅಪರಿಚಿತರಲ್ಲ. ಶಿವಸ್ಕಂದವರ್ಮನೆಂಬ ಪಲ್ಲವ ರಾಜನ ತಾಮ್ರಪಟ ಸಿಕ್ಕಿರುವುದು ಹೂವಿನಹಡಗಲಿ ಸೀಮೆಯ ಹಿರೇಹಡಗಲಿಯಲ್ಲಿ. ತುಂಗಭದ್ರೆಯ ಕಡೆಯ ಭೂಮಿಯ ವಿಷಯದಲ್ಲೂ ಕಂಚಿಯಿಂದ ಆಜ್ಞೆ ಹೊರಡುತ್ತಿತ್ತು ಎಂದರ್ಥ. ಆ ತಾಮ್ರಪಟದ ಭಾಷೆ ಪ್ರಾಕೃತ. ತಮಿಳರ ರಾಜ್ಯ, ಕನ್ನಡಿಗರ ರಾಜ್ಯ ಎಂದು ನಾವು ಇಂದು ಗೆರೆ ಎಳೆಯುವ ಹಾಗೆ ಆಗ ಗೆರೆ ಇರಲಿಲ್ಲ.

ಕುದುರೆ ಸವಾರನ ಜಗಳ

ಕಂಚಿಯಲ್ಲಿದ್ದಾಗ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಮಯೂರಶರ್ಮನಿಗೆ ಜಗಳವಾಯಿತು. ಜಗಳ ಯಾವುದಕ್ಕೆ ಎಂದು ಕುಬ್ಜ ಬಿಡಿಸಿ ಹೇಳಿಲ್ಲ. ಆದರೆ ಅದು ಹುಡುಗನ ಮನಸ್ಸನ್ನು ಎಷ್ಟು ಆಳಕ್ಕೆ ಇರಿಯಿತು ಎಂಬುದನ್ನು ಹೇಳಿದ್ದಾನೆ. ವಿದ್ಯೆಯಲ್ಲಿ ಎಷ್ಟೇ ಮೇಲೇರಿದರೂ ಅಧಿಕಾರದ ಕುದುರೆಯ ಮೇಲೆ ಕುಳಿತವನ ಮುಂದೆ ತಲೆ ತಗ್ಗಿಸಬೇಕು ಎಂಬ ಸಂಕಟ ಅದು. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ರೂಢಿಯಾಗಿದ್ದ ಕೈ ಕತ್ತಿ ಹಿಡಿಯಿತು.

ಗಮನಿಸಬೇಕಾದದ್ದು ಇಷ್ಟೆ. ಈ ಯುದ್ಧ ಭಾಷೆಗಾಗಿ ಆರಂಭವಾದದ್ದಲ್ಲ. ನೀರಿಗಾಗಿಯೂ ಅಲ್ಲ. ಓದುವ ಹುಡುಗನಿಗೆ ಆದ ಅವಮಾನದಿಂದ ಹುಟ್ಟಿದ ಯುದ್ಧ ಇದು.

ಶ್ರೀಶೈಲದ ಕಾಡಿನಲ್ಲಿ

ಮಯೂರಶರ್ಮ ಮೊದಲು ಎದುರಿಸಿದ್ದು ಪಲ್ಲವರ ಗಡಿ ಕಾಯುವ ದಂಡನ್ನು. ಅದನ್ನು ಸೋಲಿಸಿ ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ್ದ ದಟ್ಟ ಕಾಡನ್ನು ಸೇರಿಕೊಂಡ. ಶ್ರೀಪರ್ವತವೆಂದರೆ ಇಂದಿನ ಆಂಧ್ರದ ಶ್ರೀಶೈಲ. ಅಲ್ಲಿ ಬಲ ಕೂಡಿಸಿಕೊಂಡು ಸುತ್ತಲಿನ ಅರಸರಿಂದ ಕಪ್ಪ ವಸೂಲಿ ಮಾಡತೊಡಗಿದ. ಹಾಗೆ ಕಪ್ಪ ಕೊಟ್ಟವರಲ್ಲಿ ಶಾಸನ ಹೆಸರಿಸುವುದು ಬೃಹದ್ಬಾಣರನ್ನು.

ಈ ಹೆಸರು ನಮ್ಮ ಕಡೆಯವರಿಗೆ ಹತ್ತಿರದ್ದು. ಕೋಲಾರದಿಂದ ಉತ್ತರ ಆರ್ಕಾಟಿನವರೆಗಿನ ನೆಲದಲ್ಲಿ ಬಾಣ ಅರಸರು ಬಹುಕಾಲ ಆಳಿದರು. ಸಂಸ್ಕೃತದಲ್ಲಿ ಬೃಹದ್ಬಾಣ ಎಂದದ್ದನ್ನೇ ತಮಿಳಿನಲ್ಲಿ ಪೆರುಂಬಾಣ ಎಂದರು. ಅವರ ನಾಡು ಪೆರುಂಬಾಣಪ್ಪಾಡಿ ಎನಿಸಿತು. ಧರ್ಮಪುರಿ, ಕೃಷ್ಣಗಿರಿ ಸೀಮೆಯ ಹೊಲ ಗದ್ದೆಗಳಲ್ಲಿ ಪಲ್ಲವರ ಕಾಲದಿಂದ ನಿಂತಿರುವ ವೀರಗಲ್ಲುಗಳನ್ನು ತಮಿಳಿನಲ್ಲಿ ನಡುಕಲ್ ಎನ್ನುತ್ತಾರೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರ ಕಲ್ಲುಗಳೇ ಅವುಗಳಲ್ಲಿ ಹೆಚ್ಚು. ದೊಡ್ಡ ರಾಜರ ನಡುವೆ ಸಿಕ್ಕಿಕೊಂಡ ಗಡಿಯವರ ಪಾಡು ಏನೆಂದು ಈ ಕಲ್ಲುಗಳಿಗೆ ಗೊತ್ತು.

ಕಂಚಿಯ ಅರಸರು ಸುಮ್ಮನಿರಲಿಲ್ಲ. ದಂಡೆತ್ತಿ ಬಂದರು. ಮಯೂರಶರ್ಮನದು ಬಯಲು ಯುದ್ಧವಲ್ಲ. ರಾತ್ರಿ ನಡೆದು, ಹೊಂಚು ಹಾಕಿ, ಕಷ್ಟದ ಜಾಗದಲ್ಲಿ ಎರಗುವುದು ಅವನ ರೀತಿ. ಬಂದ ದಂಡು ಕಾಡಿನಲ್ಲಿ ದಿಕ್ಕು ತಪ್ಪಿತು. ಅದೇ ಸುಮಾರಿಗೆ ಉತ್ತರದ ಸಮುದ್ರಗುಪ್ತ ದಕ್ಷಿಣಕ್ಕೆ ದಂಡಯಾತ್ರೆ ಬಂದಿದ್ದ. ಅವನಿಗೆ ಸೋತ ಅರಸರ ಪಟ್ಟಿಯಲ್ಲಿ ಕಂಚಿಯ ವಿಷ್ಣುಗೋಪನ ಹೆಸರಿದೆ. ಆ ಹೊಡೆತದಿಂದ ಪಲ್ಲವರ ಬಲ ಕುಂದಿದ್ದು ಮಯೂರಶರ್ಮನಿಗೆ ಅನುಕೂಲವಾಯಿತು ಎಂದು ಇತಿಹಾಸಕಾರರು ಹೇಳುತ್ತಾರೆ.

ವೈರಿಯೇ ಕಟ್ಟಿದ ಪಟ್ಟ

ಸಾಮಾನ್ಯವಾಗಿ ವೀರರ ಕಥೆಗಳು ವೈರಿಯ ರಾಜಧಾನಿ ಉರಿಯುವುದರೊಂದಿಗೆ ಮುಗಿಯುತ್ತವೆ. ತಾಳಗುಂದದ ಕಥೆ ಹಾಗೆ ಮುಗಿಯುವುದಿಲ್ಲ. ಇವನನ್ನು ಸುಲಭವಾಗಿ ನಾಶ ಮಾಡಲು ಆಗದು ಎಂದು ಪಲ್ಲವರಿಗೆ ಮನವರಿಕೆಯಾಯಿತು. ಅವನ ಶೌರ್ಯವನ್ನೂ ಕುಲವನ್ನೂ ನೋಡಿ ಅವನನ್ನು ಮಿತ್ರನನ್ನಾಗಿ ಮಾಡಿಕೊಳ್ಳಲು ಅವರೇ ಮುಂದಾದರು.

ಮಯೂರಶರ್ಮನೂ ಅದನ್ನು ತಳ್ಳಿಹಾಕಲಿಲ್ಲ. ಪಲ್ಲವರ ಕಡೆ ಸೇರಿ, ಯುದ್ಧಗಳಲ್ಲಿ ಪರಾಕ್ರಮ ತೋರಿಸಿ ಅವರ ಮೆಚ್ಚುಗೆ ಗಳಿಸಿದ. ಕೊನೆಗೆ ಪಲ್ಲವರು ಅವನಿಗೆ ಪಟ್ಟ ಕಟ್ಟಿ, ಪಶ್ಚಿಮ ಸಮುದ್ರದಿಂದ ಪ್ರೇಹರಾ ಎಂಬ ನದಿಯವರೆಗಿನ ನೆಲವನ್ನು ಬಿಟ್ಟುಕೊಟ್ಟರು. ಬೇರೆ ಯಾರೂ ಅಲ್ಲಿಗೆ ಕಾಲಿಡಬಾರದು ಎಂಬ ಮಾತೂ ಆಯಿತು. ಅವಮಾನ ಮಾಡಿದ ಮನೆಯೇ ಮಾನ ಕೊಟ್ಟಿತು. ಅವಮಾನ ಪಟ್ಟವನು ಅದನ್ನು ಸ್ವೀಕರಿಸಿದ.

ಇದಾದದ್ದು ನಾಲ್ಕನೇ ಶತಮಾನದ ನಡುಭಾಗದಲ್ಲಿ. ಕ್ರಿ.ಶ. 345ರ ಸುಮಾರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಬನವಾಸಿ ರಾಜಧಾನಿಯಾಯಿತು. ಕನ್ನಡ ನೆಲದಲ್ಲೇ ಹುಟ್ಟಿ ಅಲ್ಲೇ ರಾಜ್ಯ ಕಟ್ಟಿದ ಮೊದಲ ಅರಸುಮನೆತನ ಎಂದು ಕದಂಬರನ್ನು ಕರ್ನಾಟಕದವರು ಗೌರವಿಸುವುದು ಇದಕ್ಕೇ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಕದಂಬರ ಕಾಲದ್ದು. ಬಹುಕಾಲ ಅದೇ ಕನ್ನಡದ ಮೊದಲ ಶಾಸನ ಎನಿಸಿಕೊಂಡಿತ್ತು. ಈಚೆಗೆ ತಾಳಗುಂದದಲ್ಲೇ ಕನ್ನಡ ಪದಗಳಿರುವ, ಅದಕ್ಕಿಂತ ಹಳೆಯದೆನ್ನಲಾದ ಶಾಸನವೊಂದು ಸಿಕ್ಕಿದೆ.

ಕತ್ತಿ ಕೆಳಗಿಟ್ಟ ಮೇಲೆ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಹೆಸರಿರುವ ಇನ್ನೊಂದು ಶಾಸನವಿದೆ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿದಾಗ ಅದು ಬೆಳಕಿಗೆ ಬಂತು. ಬೆಟ್ಟದ ಬಂಡೆಯ ಮೇಲಿನ ಆ ಪ್ರಾಕೃತ ಬರಹ ಅವನು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಬಯಲುಸೀಮೆಯಲ್ಲಿ ಕೆರೆ ಕಟ್ಟಿಸುವುದು ಎಂದರೇನು ಎಂದು ಹೊಸೂರು, ಸೂಳಗಿರಿ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಶಾಸನಗಳು ಅವನನ್ನು ಶರ್ಮ ಎಂದೇ ಕರೆಯುತ್ತವೆ. ಅರಸರ ಹೆಸರಿನ ವರ್ಮ ಎಂಬ ಕೊನೆ ಕಾಣಿಸುವುದು ಅವನ ಮಗ ಕಂಗವರ್ಮನಿಂದ. ಮಯೂರವರ್ಮ ಎಂಬ ಹೆಸರು ಆಮೇಲಿನವರು ಬೆಳೆಸಿಕೊಂಡದ್ದು. ಹದಿನೆಂಟು ಅಶ್ವಮೇಧ ಮಾಡಿದ, ಹಣೆಯಲ್ಲಿ ಮೂರನೇ ಕಣ್ಣಿತ್ತು ಎಂಬಂಥ ಕಥೆಗಳೂ ನೂರಾರು ವರ್ಷಗಳ ನಂತರ ಸೇರಿಕೊಂಡವು. ಅವನ ಸಂತತಿಯ ಕಾಕುಸ್ಥವರ್ಮ ಗುಪ್ತರು ಮೊದಲಾದ ದೊಡ್ಡ ಮನೆತನಗಳಿಗೆ ಹೆಣ್ಣು ಕೊಟ್ಟು ನೆಂಟಸ್ತನ ಬೆಳೆಸಿದ. ಅರಸರ ಲೋಕದಲ್ಲಿ ರಾಜಿ, ಸ್ನೇಹಗಳಿಗೆ ಮದುವೆಯೇ ಮುದ್ರೆ.

ತೆರೆಯ ಮೇಲಿನ ಪ್ರೇಮ

ಇಪ್ಪತ್ತನೇ ಶತಮಾನದಲ್ಲಿ ಈ ಹಳೆಯ ಕಥೆಗೆ ಜೀವ ಕೊಟ್ಟವರು ದೇವುಡು ನರಸಿಂಹಶಾಸ್ತ್ರಿಗಳು. ಅವರ 'ಮಯೂರ' ಕಾದಂಬರಿಯೇ ಸಿನಿಮಾಕ್ಕೆ ಆಧಾರ. ದೇವುಡು 1962ರಲ್ಲಿ ತೀರಿಕೊಂಡರು. ತಮ್ಮ ಮಯೂರ ತೆರೆಗೆ ಬಂದದ್ದನ್ನು ಅವರು ನೋಡಲಿಲ್ಲ.

ಚಿತ್ರವನ್ನು ನಿರ್ದೇಶಿಸಿದವರು ವಿಜಯ್. ಎರಡು ವರ್ಷ ಮೊದಲು 'ಗಂಧದ ಗುಡಿ' ಕೊಟ್ಟವರೂ ಇವರೇ. ಸಂಗೀತ ಜಿ.ಕೆ. ವೆಂಕಟೇಶ್, ಸಾಹಿತ್ಯ ಚಿ. ಉದಯಶಂಕರ್. ಪ್ರೇಮಾವತಿಯಾಗಿ ಮಂಜುಳಾ. ವಜ್ರಮುನಿ, ಶ್ರೀನಾಥ್ ಮುಖ್ಯ ಪಾತ್ರಗಳಲ್ಲಿದ್ದರು. ಚಿತ್ರದ ಮಯೂರ ತಾನು ಬ್ರಾಹ್ಮಣ ಎಂದುಕೊಂಡೇ ಬೆಳೆದು, ಆಮೇಲೆ ತಾನು ಕದಂಬ ರಾಜವಂಶದವನು ಎಂದು ತಿಳಿಯುತ್ತಾನೆ. ಶಾಸನದಲ್ಲಿ ಇದು ಇಲ್ಲ. ಪಲ್ಲವ ರಾಜಕುಮಾರಿಯೂ ಇಲ್ಲ.

ಹಾಗಾದರೆ ಪ್ರೇಮಾವತಿ ಬರೀ ಸಿನಿಮಾದ ಅಲಂಕಾರವೇ? ಹಾಗೆನ್ನಲು ಆಗದು. ಕಲ್ಲಿನ ಕಂಬ ನಾಲ್ಕಾರು ಸಾಲುಗಳಲ್ಲಿ ಹೇಳಿ ಮುಗಿಸುವ ರಾಜಿಯನ್ನು ಮೂರು ಗಂಟೆಯ ಚಿತ್ರದಲ್ಲಿ ತೋರಿಸುವುದು ಸುಲಭವಲ್ಲ. ವೈರಿಯ ಮನೆಯಲ್ಲೂ ತನ್ನ ಯೋಗ್ಯತೆಯನ್ನು ಕಂಡವರು ಇದ್ದಾರೆ ಎಂಬ ಸತ್ಯಕ್ಕೆ ಒಂದು ಮುಖ ಬೇಕು. ಪ್ರೇಮಾವತಿ ಆ ಮುಖವಾದಳು. ಪಲ್ಲವರು ಕೊನೆಗೆ ಮಾಡಿದ್ದನ್ನು ಅವಳು ಮೊದಲೇ ಮಾಡುತ್ತಾಳೆ. ಅವಳು ಕಲ್ಪನೆಯವಳು. ಅವಳು ಹೇಳುವ ಸಂಗತಿ ಕಲ್ಪನೆಯಲ್ಲ.

ಚಿತ್ರ ತಯಾರಾದ ಕಾಲವನ್ನೂ ನೆನೆಯಬೇಕು. ಆ ದಿನಗಳಲ್ಲಿ ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದ್ರಾಸಿನಲ್ಲೇ ನಡೆಯುತ್ತಿತ್ತು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಇಳಯರಾಜ 1976ರಲ್ಲಿ ತಮಿಳಿನ 'ಅನ್ನಕ್ಕಿಳಿ' ಚಿತ್ರದಿಂದ ಹೆಸರಾದರು. ಕನ್ನಡದ ಅಭಿಮಾನದ ಚಿತ್ರಗಳನ್ನು ರೂಪಿಸಿದ ಕೈಗಳಲ್ಲಿ ತಮಿಳರ ಕೈಗಳೂ ಇದ್ದವು.

ಗಡಿಯಲ್ಲಿ ಹುಟ್ಟಿದ ಮಯೂರ

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ವಿಶೇಷ. ಕಂಚಿಯನ್ನು ಎದುರಿಸಿದ ಕನ್ನಡಿಗನ ಪಾತ್ರ ಮಾಡಿದ ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ್ದು ಗಾಜನೂರಿನಲ್ಲಿ. ಆ ಊರು ಈಗ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಗೆ ಸೇರಿದೆ. ಮತ್ತಿಗಿರಿಯ ಹಾಗೆಯೇ ಅದೂ ಮನೆಯೊಳಗೆ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವ ಜನರಿರುವ ಗಡಿ ಊರು.

ಅದೇ ಗಾಜನೂರಿನಿಂದ 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದ. ಬಿಡುಗಡೆಯಾಗುವವರೆಗಿನ 108 ದಿನ ಗಡಿಯ ಎರಡೂ ಕಡೆಯ ಜನ ಉಸಿರು ಬಿಗಿಹಿಡಿದಿದ್ದರು. ಆ ದಿನಗಳಲ್ಲಿ ಸರ್ಕಾರಗಳ ದೂತರಾಗಿ ಕಾಡಿಗೆ ಹೋಗಿ ಬಂದವರು ತಮಿಳು ಪತ್ರಕರ್ತ ನಕ್ಕೀರನ್ ಗೋಪಾಲ್. ಕೊನೆಯ ಹಂತದ ಮಾತುಕತೆಯಲ್ಲಿ ತಮಿಳು ನಾಯಕ ಪಳ. ನೆಡುಮಾರನ್ ಇದ್ದರು. ಕನ್ನಡದ ಮಯೂರ ಮನೆಗೆ ಮರಳಲು ತಮಿಳರೂ ನಡೆದರು.

ಉಳಿದದ್ದು ಏನು

ಮಯೂರನ ಹೆಸರನ್ನು ಜಗಳಕ್ಕೆ ಕರೆಯುವವರು ಇದ್ದಾರೆ. ಕಾವೇರಿ ನೀರಿನ ಮಾತು ಬಂದಾಗಲೆಲ್ಲ ಕನ್ನಡಿಗರೆಂದರೆ ಕದಂಬರು, ತಮಿಳರೆಂದರೆ ಪಲ್ಲವರು ಎಂಬಂತೆ ಮಾತು ತಿರುಗುತ್ತದೆ. 1991ರ ಡಿಸೆಂಬರಿನಲ್ಲಿ, 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಆದ ಗಲಭೆಗಳ ಬಿಸಿ ಗಡಿಯವರಿಗೆ ತಟ್ಟಿದೆ. ಅತ್ತಿಬೆಲೆಯ ಆಚೆ ಒಂದು ರಾಜ್ಯದ ಬಸ್ಸು, ಜೂಜುವಾಡಿಯ ಈಚೆ ಇನ್ನೊಂದು ರಾಜ್ಯದ ಬಸ್ಸು ನಿಂತುಬಿಟ್ಟರೆ ಕೂಲಿಗೆ ಹೋಗುವವರು, ಹೂವು ತರಕಾರಿ ಒಯ್ಯುವವರು, ಆಸ್ಪತ್ರೆಗೆ ಹೊರಟವರು ನಡೆದೇ ಗಡಿ ದಾಟಬೇಕು. ಆಚೆ ಮಗಳನ್ನು ಕೊಟ್ಟವರು, ಈಚೆಗೆ ಸೊಸೆ ತಂದುಕೊಂಡವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆ ಇಲ್ಲ?

ಅಂಥ ಹೊತ್ತಿನಲ್ಲಿ ಮಯೂರಶರ್ಮನ ಪೂರ್ತಿ ಬದುಕನ್ನು ನೆನೆಯುವುದು ಒಳ್ಳೆಯದು. ಅವನ ಕಥೆಯ ಅರ್ಧ ಭಾಗ ಮಾತ್ರ ಕತ್ತಿಯದು. ಸ್ವಾಭಿಮಾನ ಬಿಡದೆ ಹೋರಾಡಿದ್ದು ಎಷ್ಟು ನಿಜವೋ, ಮಾನ ಕೊಟ್ಟ ದಿನ ವೈರ ಬಿಟ್ಟದ್ದೂ ಅಷ್ಟೇ ನಿಜ. ಅವನ ಮನೆತನದವರೇ ಕಲ್ಲಿನಲ್ಲಿ ಕೆತ್ತಿಸುವಾಗ ಪಲ್ಲವರು ಪಟ್ಟ ಕಟ್ಟಿದ್ದನ್ನು ಮುಚ್ಚಿಡಲಿಲ್ಲ. ಅದನ್ನು ಹೆಮ್ಮೆಯಿಂದಲೇ ಬರೆಸಿದರು.

ಆ ಕಂಬದ ಲಿಪಿ ಇಂದಿನ ಕನ್ನಡ ಅಕ್ಷರಗಳ ಹಿರಿಯಜ್ಜ. ಪಲ್ಲವರ ಲಿಪಿಯಿಂದ ಬೆಳೆದು ಬಂದವು ಗ್ರಂಥ ಮತ್ತು ಇಂದಿನ ತಮಿಳು ಅಕ್ಷರಗಳು. ಎರಡಕ್ಕೂ ತಾಯಿ ಬ್ರಾಹ್ಮಿ. ಬೆಳಿಗ್ಗೆ ಕನ್ನಡ ಪತ್ರಿಕೆ ಓದಿ, ಬಸ್ಸಿನ ಬೋರ್ಡನ್ನು ತಮಿಳಿನಲ್ಲಿ ಓದುವ ಗಡಿಯವರು ಈ ಎರಡು ಮನೆಯ ಆಸ್ತಿಯನ್ನೂ ದಿನವೂ ಬಳಸುತ್ತಿದ್ದಾರೆ.

ಮಯೂರಶರ್ಮ ಕೆರೆ ಕಟ್ಟಿಸಿದ ಚಂದ್ರವಳ್ಳಿ ಚಿತ್ರದುರ್ಗದ ಪಕ್ಕದಲ್ಲೇ ಇದೆ. ಅಲ್ಲಿಂದ ಬೆಂಗಳೂರು, ಹೊಸೂರು, ಕೃಷ್ಣಗಿರಿ, ವೇಲೂರು ಹಾದು ಅವನು ಓದಲು ಹೋದ ಕಂಚಿಯ ಬದಿಗೆ ಸಾಗುವ ಹೆದ್ದಾರಿ ಇವತ್ತು ಒಂದೇ. ಹೊಸೂರು ಸೀಮೆ ಇರುವುದು ಆ ದಾರಿಯ ನಡುವೆ.